ಮದ್ದೂರಿನ ದಾರಿಯಲ್ಲಿ ಮುತ್ತಜ್ಜಿಯ ಹೆಸರು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಬಸ್ಸು ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆ ಸೇರಿದ ಮೇಲೆ ದಾರಿ ಎರಡಾಗುತ್ತದೆ. ಒಂದು ಹಂಗಳ, ಬಂಡೀಪುರದ ಮೇಲೆ ಊಟಿಗೆ. ಇನ್ನೊಂದು ಮದ್ದೂರು, ಮೂಲೆಹೊಳೆಯ ಮೇಲೆ ಕೇರಳದ ಸುಲ್ತಾನ್ ಬತ್ತೇರಿಗೆ. ಮುಂಗಾರು ಹಿಡಿದ ದಿನಗಳಲ್ಲಿ ಈ ದಾರಿಯ ಎರಡೂ ಬದಿ ಚೆಂಡು ಹೂ, ಸೂರ್ಯಕಾಂತಿಯ ಹೊಲಗಳು. ಹೊಲ ಮುಗಿದಲ್ಲಿ ಕಾಡು. ಆ ಕಾಡಿನ ಬಾಗಿಲಲ್ಲಿ ಮದ್ದೂರು. ಅದರ ಹೆಸರಿನ ಅರಣ್ಯ ವಲಯವಿದೆ, ಚೆಕ್‌ಪೋಸ್ಟ್ ಇದೆ. ರಾತ್ರಿ ಒಂಬತ್ತಕ್ಕೆ ಮುಚ್ಚಿದ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುವ ಏರ್ಪಾಡು ಇಲ್ಲಿ 2009ರಿಂದ ಬಂದದ್ದು.

ಮದ್ದೂರು ಎಂದ ಕೂಡಲೇ ಎಲ್ಲರಿಗೂ ವಡೆ ನೆನಪಾಗುತ್ತದೆ. ವಡೆಯ ಮದ್ದೂರು ಮಂಡ್ಯ ಜಿಲ್ಲೆಯದು. ಯಳಂದೂರು ತಾಲ್ಲೂಕಿನಲ್ಲಿ ಇನ್ನೊಂದು ಮದ್ದೂರಿದೆ. ಕಾಡಂಚಿನ ಈ ಮದ್ದೂರು ಮೂರನೆಯದು. ಪ್ರವಾಸಿಗೆ ಇದು ತಮಾಷೆಯ ಸಂಗತಿ, ಆದರೆ ತನ್ನ ವಂಶದ ಬೇರು ಹುಡುಕಿಕೊಂಡು ಹೊರಟವನಿಗೆ ಮೊದಲ ತೊಡಕು. ತಾತನ ಕಾಲದ ಕಾಗದದಲ್ಲಿ 'ಮದ್ದೂರು ವಾಸಿ, ಮೈಸೂರು ಜಿಲ್ಲೆ' ಎಂದಷ್ಟೇ ಇದ್ದರೆ ಅದು ಯಾವ ಮದ್ದೂರು? ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ, ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಮೂರೂ ಮದ್ದೂರುಗಳು ಮೈಸೂರು ಜಿಲ್ಲೆಯವೇ! ಊರಿನ ಹೆಸರಿನ ಜೊತೆಗೆ ಹೋಬಳಿ, ತಾಲ್ಲೂಕು ಗೊತ್ತಿಲ್ಲದಿದ್ದರೆ ಬೇರೆ ಯಾರದೋ ಮುತ್ತಾತನನ್ನು ತಮ್ಮವನೆಂದು ಮನೆಗೆ ಕರೆತರುವ ಅಪಾಯವುಂಟು.

ಈಚೆಗೆ ಶಾಲೆಗಳಲ್ಲಿ ಮಕ್ಕಳಿಗೆ 'ನಿಮ್ಮ ವಂಶವೃಕ್ಷ ಬರೆದುಕೊಂಡು ಬನ್ನಿ' ಎಂದು ಹೇಳುವುದುಂಟು. ಹೆಚ್ಚಿನ ಮಕ್ಕಳ ಮರ ತಾತನ ಹೆಸರಿಗೆ ಬಂದು ನಿಲ್ಲುತ್ತದೆ. ಅಪ್ಪ ಅಮ್ಮಂದಿರನ್ನು ಕೇಳಿದರೆ ಅವರೂ ಅಲ್ಲಿಗೇ ನಿಲ್ಲುತ್ತಾರೆ. ರಾಜರ ವಂಶಾವಳಿಯನ್ನು ಪರೀಕ್ಷೆಗಾಗಿ ಉರು ಹೊಡೆಯುವ ಹುಡುಗನಿಗೆ ತನ್ನ ಮುತ್ತಜ್ಜಿಯ ಹೆಸರು ತಿಳಿಯದು. ಹುಡುಕಿದರೆ ಸಿಗುವುದೇ? ಬಹುಮಟ್ಟಿಗೆ ಸಿಗುತ್ತದೆ. ಗುಂಡ್ಲುಪೇಟೆಯಿಂದ ಮದ್ದೂರಿನವರೆಗಿನ ಈ ಒಂದು ದಾರಿಯನ್ನೇ ಉದಾಹರಣೆಗೆ ತೆಗೆದುಕೊಂಡರೆ ಸಾಕು.

ಮೊದಲು ಮನೆ, ಆಮೇಲೆ ಕಚೇರಿ

ಹುಡುಕಾಟ ಆರಂಭವಾಗಬೇಕಾದದ್ದು ಕಚೇರಿಯ ಕಿಟಕಿಯ ಮುಂದೆ ಅಲ್ಲ, ಮನೆಯ ಜಗಲಿಯ ಮೇಲೆ. ವಿಜ್ಞಾನದ ಪ್ರಯೋಗದಲ್ಲಿ ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಹೋಗುವಂತೆ ಇಲ್ಲಿಯೂ ತನ್ನಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯಬೇಕು. 'ನಾವು ಇಂಥ ಪಾಳೇಗಾರನ ವಂಶದವರಂತೆ' ಎಂದು ಮೇಲಿನಿಂದ ಶುರುಮಾಡಿದವರು ಕೆಳಗಿನವರೆಗೆ ಬಂದು ತಲುಪಿದ್ದು ಕಡಿಮೆ.

ಇದಕ್ಕೊಂದು ಸುಲಭದ ಲೆಕ್ಕವಿದೆ. ಹುಡುಕುವವರ ಸಂಖ್ಯೆ 1 ಎಂದಿರಲಿ. ತಂದೆ 2, ತಾಯಿ 3. ಯಾರದೇ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ತಂದೆಯ ಸಂಖ್ಯೆ, ಅದಕ್ಕೆ ಒಂದು ಕೂಡಿಸಿದರೆ ತಾಯಿಯ ಸಂಖ್ಯೆ. ಹೀಗಾಗಿ ತಂದೆಯ ತಂದೆ 4, ತಂದೆಯ ತಾಯಿ 5, ತಾಯಿಯ ತಂದೆ 6, ತಾಯಿಯ ತಾಯಿ 7. ಹನ್ನೊಂದನೆಯವರು ಯಾರು? ಐದನೆಯವರ ತಾಯಿ, ಅಂದರೆ ಅಪ್ಪನ ಅಜ್ಜಿ, ಅಪ್ಪನ ಅಮ್ಮನನ್ನು ಹೆತ್ತವರು. ಈ ಕ್ರಮದಲ್ಲಿ ಒಂದರ ನಂತರ ಬರುವ ಸಮ ಸಂಖ್ಯೆಗಳೆಲ್ಲ ಗಂಡಸರು, ಬೆಸ ಸಂಖ್ಯೆಗಳೆಲ್ಲ ಹೆಂಗಸರು. 1ರಿಂದ 15ರವರೆಗೆ ಮನೆಗಳನ್ನು ಗೆರೆ ಹಾಕಿ ಗೊತ್ತಿರುವ ಹೆಸರುಗಳನ್ನು ಪೆನ್ಸಿಲಿನಲ್ಲಿ ತುಂಬಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಖಾಲಿ ಉಳಿಯುವ ಮನೆಗಳಲ್ಲಿ ಹೆಚ್ಚಿನವು ಬೆಸ ಸಂಖ್ಯೆಯವು. ಅದೇಕೆ ಎಂಬುದು ಮುಂದೆ ಕಚೇರಿಗಳಿಗೆ ಹೋದಾಗ ತಿಳಿಯುತ್ತದೆ.

ಆ ಖಾಲಿ ಮನೆಗಳನ್ನು ತುಂಬಬಲ್ಲವರು ಮನೆಯ ಹಿರಿಯರು ಮಾತ್ರ. 'ಅಜ್ಜೀ, ನಿಮ್ಮ ಅವ್ವನ ಹೆಸರೇನು? ಅವರನ್ನು ಯಾವ ಊರಿನಿಂದ ತಂದದ್ದು?' ಎಂಬ ಎರಡು ಪ್ರಶ್ನೆಗಳಿಂದ ಶುರುಮಾಡಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಣ್ಣು ತಂದ ಊರು, ಹೆಣ್ಣು ಕೊಟ್ಟ ಊರು, ಮನೆದೇವರು, ಹರಕೆ ತೀರಿಸಲು ಹೋಗುತ್ತಿದ್ದ ಜಾತ್ರೆ, ಹೊಲದ ಹೆಸರು ಇವೆಲ್ಲವನ್ನೂ ಕೇಳಬೇಕು. ಹೇಳಿದವರ ಹೆಸರನ್ನೂ ಕೇಳಿದ ತಾರೀಖನ್ನೂ ಅದೇ ಪುಟದಲ್ಲಿ ಬರೆದಿಡಬೇಕು. ಈಗ ಮೊಬೈಲಿನಲ್ಲೇ ಧ್ವನಿ ಹಿಡಿದಿಡಬಹುದು. ಆದರೂ ಕೈಬರಹದ ಪುಸ್ತಕ ಒಂದಿರಲಿ. ಯಂತ್ರ ಕೆಟ್ಟರೂ ಪುಸ್ತಕ ಉಳಿಯುತ್ತದೆ.

ಮನೆದೇವರ ಪ್ರಶ್ನೆ ಮೂಢನಂಬಿಕೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಊರು ಬಿಟ್ಟವರು ಹೊಲ ಮಾರುತ್ತಾರೆ, ಮನೆ ಬದಲಾಯಿಸುತ್ತಾರೆ. ಮನೆದೇವರನ್ನು ಮಾತ್ರ ಬೇಗ ಬಿಡುವುದಿಲ್ಲ. ಮಹದೇಶ್ವರನ ಒಕ್ಕಲೋ, ಬಿಳಿಗಿರಿರಂಗನ ಒಕ್ಕಲೋ, ಸಿದ್ದಪ್ಪಾಜಿಯ ಒಕ್ಕಲೋ, ಹಿಮವದ್ ಗೋಪಾಲಸ್ವಾಮಿಯ ಒಕ್ಕಲೋ ಎಂಬುದು ಕುಟುಂಬ ಯಾವ ದಿಕ್ಕಿನಿಂದ ಬಂತು ಎಂಬುದಕ್ಕೆ ಸುಳಿವು ಕೊಡಬಲ್ಲದು. ಆದರೆ ಸುಳಿವು ಸುಳಿವೇ, ಪುರಾವೆಯಲ್ಲ.

'ಈಶ್ವರ ಬರದಲ್ಲಿ ಹುಟ್ಟಿದವರು'

ಹಿರಿಯರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ಬರಗಾಲದ ವರ್ಷ, ಪ್ಲೇಗು ಮಾರಿ ಬಂದ ವರ್ಷ, ಇಂಥ ಸಂವತ್ಸರದ ಯುಗಾದಿ ಎನ್ನುತ್ತಾರೆ. ಇದನ್ನು ಇಸವಿಗೆ ತಿರುಗಿಸಬಹುದು. ಹಳೆ ಮೈಸೂರಿನ ಮಹಾಕ್ಷಾಮ 1876ರಿಂದ 78ರವರೆಗಿನದು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಅದಕ್ಕೆ ಧಾತು ಈಶ್ವರದ ಬರ ಎಂದೇ ಹೆಸರು. ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟದ್ದು 1898ರಲ್ಲಿ. ಊರೂರುಗಳನ್ನು ಮಲಗಿಸಿದ ಇನ್‌ಫ್ಲುಯೆಂಜಾ 1918ರದು.

ಸಂವತ್ಸರಗಳು ಅರುವತ್ತು. ಮೊದಲನೆಯದಾದ ಪ್ರಭವ 1867, 1927, 1987ರ ಯುಗಾದಿಗಳಿಂದ ಆರಂಭವಾಯಿತು. ಇದೊಂದು ನೆನಪಿದ್ದರೆ ಉಳಿದವನ್ನು ಬೆರಳು ಮಡಿಸಿ ಎಣಿಸಬಹುದು. ಈಶ್ವರ ಹನ್ನೊಂದನೆಯದು, ಆದ್ದರಿಂದ 1877, 1937, 1997. ಮುತ್ತಜ್ಜಿ ಈಶ್ವರ ಸಂವತ್ಸರದಲ್ಲಿ ಹುಟ್ಟಿದ್ದರೆ ಅದು 1877ರದೇ, 1937ರದೇ? ಅವರ ಮಕ್ಕಳ ವಯಸ್ಸು ಅದನ್ನು ತೀರ್ಮಾನಿಸುತ್ತದೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಜನವರಿ, ಫೆಬ್ರವರಿಯ ಘಟನೆಗಳು ಮುಂದಿನ ಇಸವಿಗೆ ಸೇರುತ್ತವೆ ಎಂಬುದನ್ನೂ ಗಮನಿಸಬೇಕು. ಹಳೆಯ ಶಾಸನಗಳಲ್ಲಿ ಬರುವ ಶಕವರ್ಷಕ್ಕೆ 78 ಕೂಡಿಸಿದರೆ ಸುಮಾರಾಗಿ ಇಸವಿ ಸಿಗುತ್ತದೆ.

ಗುಂಡ್ಲುಪೇಟೆಯ ಕಚೇರಿಗಳಲ್ಲಿ

ಮನೆಯಲ್ಲಿ ಮೂರು ತಲೆಮಾರಿನ ಹೆಸರು ಸಿಕ್ಕಿದ ಮೇಲೆ ತಾಲ್ಲೂಕು ಕಚೇರಿಯ ಸರದಿ. ನಮ್ಮ ನಾಡಿನಲ್ಲಿ ಮನುಷ್ಯನಿಗಿಂತ ನೆಲಕ್ಕೆ ಹೆಚ್ಚು ದಾಖಲೆ. ಮೈಸೂರು ಸಂಸ್ಥಾನದಲ್ಲಿ ಹೊಸ ಕ್ರಮದ ಕಂದಾಯ ಮೋಜಣಿ 1863ರಲ್ಲಿ ಆರಂಭವಾಯಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಂತು. ಆ ನಂಬರೇ ವಂಶದ ದಾರಕ್ಕೆ ಸಿಕ್ಕುವ ಮೊದಲ ಗಂಟು.

ಪಹಣಿಯಲ್ಲಿ ಈಗಿನ ಖಾತೆದಾರನ ಹೆಸರಿರುತ್ತದೆ. ಆ ಹೆಸರು ಹೇಗೆ ಬಂತೆಂಬುದು ಮ್ಯುಟೇಷನ್ ವಹಿಯಲ್ಲಿರುತ್ತದೆ. ಹಳ್ಳಿಯವರು ಇದನ್ನೇ 'ಎಂ.ಆರ್.' ಎನ್ನುತ್ತಾರೆ. ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವ ಬದಲಾವಣೆಗೆ ಪೌತಿ ಖಾತೆ ಎಂದು ಹೆಸರು. ಸತ್ತವರು ಯಾರು, ಅವರ ಮಕ್ಕಳು ಯಾರು, ಯಾವ ವರ್ಷ ಎಂಬುದೆಲ್ಲ ಅಲ್ಲಿ ನಾಲ್ಕು ಸಾಲಿನಲ್ಲಿ ಸಿಗುತ್ತದೆ. ಒಂದು ಎಂ.ಆರ್. ಅದರ ಹಿಂದಿನದನ್ನು ತೋರಿಸುತ್ತದೆ, ಅದು ಇನ್ನೂ ಹಿಂದಿನದನ್ನು. ಹೀಗೆ ಸರಪಳಿ ಹಿಡಿದು ಹೋಗಬಹುದು.

ಸರ್ವೆ ನಂಬರೇ ಒಂದು ವಂಶವೃಕ್ಷ ಎಂದರೂ ತಪ್ಪಾಗಲಾರದು. ಒಂದು ಕಾಲಕ್ಕೆ 45 ಎಂದಿದ್ದ ಹೊಲ ಅಣ್ಣತಮ್ಮಂದಿರು ಪಾಲಾದಾಗ ಪೋಡಿಯಾಗಿ 45/1, 45/2 ಆಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಅವೂ ಒಡೆಯುತ್ತವೆ. ಎಕರೆ ಗುಂಟೆಯಾಗುತ್ತದೆ, ಗುಂಟೆ ಆಣೆಯಾಗುತ್ತದೆ. ಅಕ್ಕಪಕ್ಕದ ಹಿಸ್ಸೆಗಳ ಹಳೆಯ ಖಾತೆದಾರರು ಬಹಳ ಸಲ ದಾಯಾದಿಗಳೇ ಆಗಿರುತ್ತಾರೆ. ಮಾತು ಬಿಟ್ಟು ಎರಡು ತಲೆಮಾರಾದ ದೊಡ್ಡಪ್ಪನ ಮನೆಯವರನ್ನು ಹೀಗೆ ಪಹಣಿಯಿಂದಲೇ ಗುರುತಿಸಬಹುದು.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಬಂದವು. ವಂಶ ಹುಡುಕುವವರಿಗೆ ಬೇಕಾದದ್ದು ಅದಕ್ಕೂ ಹಿಂದಿನ ಕೈಬರಹದ ವಹಿಗಳು. ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಇಂಥ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕೆಲಸ 2024ರಲ್ಲಿ ಆರಂಭವಾಯಿತು. ಕಡತಕ್ಕೆ ಅರ್ಜಿ ಕೊಡುವಾಗ ಊರು, ಸರ್ವೆ ನಂಬರು, ಅಂದಾಜು ವರ್ಷ ಈ ಮೂರನ್ನು ಸ್ಪಷ್ಟವಾಗಿ ಬರೆದರೆ ಗುಮಾಸ್ತರ ಕೆಲಸವೂ ಹಗುರ, ಹುಡುಕುವವರ ಕೆಲಸವೂ ಹಗುರ.

'ನಮಗೆ ಹೊಲವೇ ಇರಲಿಲ್ಲ, ಗೇಣಿ ಮಾಡುತ್ತಿದ್ದೆವು' ಎನ್ನುವ ಮನೆಗಳೂ ನಿರಾಶರಾಗಬೇಕಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಭೂ ನ್ಯಾಯಮಂಡಳಿಗೆ ಫಾರಂ 7 ಸಲ್ಲಿಸಿದರು. ಎಷ್ಟು ಕಾಲದಿಂದ, ಯಾರ ಕೈಕೆಳಗೆ ಉಳುತ್ತಿದ್ದರು ಎಂಬ ಹೇಳಿಕೆಗಳು ಆ ಕಡತಗಳಲ್ಲಿವೆ. ಓದುಬರಹ ತಿಳಿಯದ ತಾತನ ಹೆಬ್ಬೆಟ್ಟಿನ ಗುರುತು ಅಲ್ಲಿರಬಹುದು. ಜೀತಕ್ಕಿದ್ದವರ ಹೆಸರು ಸಾಲಪತ್ರಗಳಲ್ಲಿ ಕಾಣಿಸಿಕೊಳ್ಳುವುದುಂಟು. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅಂಥ ಕಾಗದ ಸಿಕ್ಕಿದರೆ ಅದನ್ನು ಮುಚ್ಚಿಡಬೇಕಾಗಿಲ್ಲ. ನಾಚಿಕೆ ಪಡಬೇಕಾದವರು ಜೀತ ಮಾಡಿದವರಲ್ಲ.

ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳಿರುತ್ತವೆ. ಸ್ಥಿರಾಸ್ತಿಗೆ ಸಂಬಂಧಿಸಿದ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದೆಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ವಿಭಾಗಪತ್ರವೊಂದು ಸಿಕ್ಕಿದರೆ ಅಣ್ಣತಮ್ಮಂದಿರೆಲ್ಲ ಒಂದೇ ಹಾಳೆಯ ಮೇಲೆ ಸಾಲಾಗಿ ನಿಂತಂತೆ. ಪಾಲಿನ ದಾವೆ ಹೂಡಿದ ಮನೆತನವಾದರೆ ನ್ಯಾಯಾಲಯದ ಕಡತದಲ್ಲಿ ವಂಶಾವಳಿಯನ್ನೇ ಬರೆದು ಲಗತ್ತಿಸಿರುತ್ತಾರೆ. ಜಗಳವೂ ಒಮ್ಮೊಮ್ಮೆ ಇತಿಹಾಸಕ್ಕೆ ಉಪಕಾರಿ!

ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ನೋಂದಣಿ ವಹಿಯಲ್ಲಿ ನಮೂದು ಹುಡುಕಿಸಿ ನಕಲು ಪಡೆಯಲು ಅದರಲ್ಲಿ ಅವಕಾಶವಿದೆ. ಅದಕ್ಕೂ ಹಿಂದೆ ಹೋದಂತೆ ಹಳ್ಳಿಗಳ ದಾಖಲೆ ತೆಳುವಾಗುತ್ತದೆ. ಜನಗಣತಿಯಲ್ಲಿ ಮುತ್ತಾತನ ಹೆಸರು ನೋಡಬಹುದೆಂದು ಕೆಲವರು ಆಸೆಪಡುತ್ತಾರೆ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಗಣತಿಯ ಹಾಳೆಗಳನ್ನು ಜನರಿಗೆ ತೆರೆದಿಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗೋಪ್ಯ, ಅಂಕಿಅಂಶ ಮಾತ್ರ ಬಹಿರಂಗ. ಹಳೆಯ ಮತದಾರರ ಪಟ್ಟಿ ಸಿಕ್ಕಿದರೆ ಆ ಕೊರತೆ ಸ್ವಲ್ಪ ತುಂಬುತ್ತದೆ. ಮನೆ ನಂಬರು, ವಯಸ್ಸು, ತಂದೆಯ ಅಥವಾ ಗಂಡನ ಹೆಸರು ಅಲ್ಲಿರುತ್ತವೆ.

ಇನ್ನು ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರ. ಮೊಹರು ಬಿದ್ದ ಮಾತ್ರಕ್ಕೆ ಇದು ಮೂಲ ದಾಖಲೆಯಾಗುವುದಿಲ್ಲ. ಮನೆಯವರು ಹೇಳಿದ್ದನ್ನು ಆಧರಿಸಿ, ಸ್ಥಳೀಯವಾಗಿ ವಿಚಾರಿಸಿ ಕೊಟ್ಟ ಪತ್ರ ಅದು. ಹೇಳುವಾಗಲೇ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದರೆ ಪತ್ರದಲ್ಲೂ ಅವರಿರುವುದಿಲ್ಲ. 'ಮದುವೆಯಾಗಿ ಹೋದವರು, ಅವರನ್ನೇಕೆ ಸೇರಿಸುವುದು?' ಎಂಬ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಕೇಳಿಬರುತ್ತದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ 2005ರಲ್ಲಿ ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದ ಬಂದದ್ದೆಂದು ಸ್ಪಷ್ಟಪಡಿಸಿತು. ವಂಶವೃಕ್ಷದಲ್ಲಿ ಒಂದು ಹೆಸರು ಬಿಟ್ಟುಹೋಗುವುದೆಂದರೆ ಬರೀ ಮರೆವಲ್ಲ, ಒಬ್ಬಳ ಪಾಲು ಬಿಟ್ಟುಹೋಗುವುದೂ ಹೌದು.

ಬೆಸ ಸಂಖ್ಯೆಯ ಮನೆಗಳು ಏಕೆ ಖಾಲಿ ಎಂಬುದು ಈಗ ತಿಳಿಯಿತಷ್ಟೆ. ಕಂದಾಯ ಕಟ್ಟಿದವರ ಹೆಸರನ್ನು ಸರ್ಕಾರ ಬರೆದಿಟ್ಟಿತು. ಖಾತೆ ಬಹುಪಾಲು ಗಂಡಸರ ಹೆಸರಿನಲ್ಲಿತ್ತು. ನೆಲದ ಮೂಲಕ ಮನುಷ್ಯರನ್ನು ಹುಡುಕಿದರೆ ನೆಲ ಯಾರ ಹೆಸರಿನಲ್ಲಿತ್ತೋ ಅವರೇ ಸಿಗುವುದು ಸಹಜ.

ಜೂನ್ 1ರಂದು ಹುಟ್ಟಿದವರು

ಹಳ್ಳಿಯ ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕವೂ ಒಂದು ಒಳ್ಳೆಯ ಆಧಾರ. ಮಗುವಿನ ಹೆಸರು, ತಂದೆಯ ಹೆಸರು, ಊರು, ಮಾತೃಭಾಷೆ, ಜಾತಿ, ಜನ್ಮದಿನಾಂಕ, ಶಾಲೆ ಬಿಟ್ಟ ಕಾರಣ ಎಲ್ಲವೂ ಒಂದೇ ಅಡ್ಡಸಾಲಿನಲ್ಲಿ ಇರುತ್ತವೆ. ತಾತನ ಜೊತೆ ಅವರ ತಂಗಿಯೂ ಮೂರನೇ ಇಯತ್ತೆಯವರೆಗೆ ಓದಿದ್ದರೆಂಬುದು ಇಲ್ಲಿಯೇ ಗೊತ್ತಾದೀತು. ಹೆಣ್ಣುಮಗುವಿನ ಹೆಸರು ಗಂಡನ ಆಸರೆಯಿಲ್ಲದೆ ಸಿಗುವ ಕೆಲವೇ ಕಡೆಗಳಲ್ಲಿ ಇದೂ ಒಂದು.

ಆದರೆ ಜನ್ಮದಿನಾಂಕವನ್ನು ಕಣ್ಣುಮುಚ್ಚಿ ನಂಬಬಾರದು. ಹಳೆಯ ತಲೆಮಾರಿನ ಎಷ್ಟೋ ಜನರ ಹುಟ್ಟುಹಬ್ಬ ಜೂನ್ 1! ಶಾಲೆ ಆರಂಭವಾಗುವ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಬೇಕಲ್ಲ, ಮೇಷ್ಟರು ಲೆಕ್ಕ ಹಿಂದಕ್ಕೆ ಹಾಕಿ ಬರೆದುಬಿಡುತ್ತಿದ್ದರು. ಒಂದು ಅಳತೆಯನ್ನು ಎರಡು ಸಾಧನಗಳಿಂದ ಅಳೆದು ನೋಡುವಂತೆ ಒಂದು ಸಂಗತಿಯನ್ನು ಎರಡು ದಾಖಲೆಗಳಲ್ಲಿ ಒರೆಹಚ್ಚಬೇಕು. ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ಕಡೆಯಿಂದ ಬಂದಿರಬೇಕು. ಒಂದನ್ನು ನೋಡಿ ಇನ್ನೊಂದನ್ನು ಬರೆದಿದ್ದರೆ ಅವು ಎರಡಲ್ಲ, ಒಂದೇ.

ಹೆಸರಿನ ತೊಡಕೂ ಉಂಟು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ. ಮಹದೇವಪ್ಪನ ಮಗ ಬಸವಪ್ಪ, ಬಸವಪ್ಪನ ಮಗ ಮತ್ತೆ ಮಹದೇವಪ್ಪ. ಒಂದೇ ಊರಿನಲ್ಲಿ ಐದು ಜನ ಮಹದೇವಪ್ಪಂದಿರಿದ್ದರೆ ಆಶ್ಚರ್ಯವಿಲ್ಲ. ಹೆಸರು ಹೊಂದಿದ ಮಾತ್ರಕ್ಕೆ ಮನುಷ್ಯ ಹೊಂದಲಿಲ್ಲ. ತಂದೆಯ ಹೆಸರು, ಸರ್ವೆ ನಂಬರು, ವರ್ಷ ಇವುಗಳಲ್ಲಿ ಎರಡಾದರೂ ಕೂಡಿಬರಬೇಕು.

ಕಲ್ಲು, ಕಡತ, ಹೆಳವರು

ಕಂದಾಯದ ವಹಿಗಳು ನಿಂತಲ್ಲಿಂದ ಹಿಂದಕ್ಕೆ ಹೋಗುವುದು ಎಲ್ಲರಿಗೂ ಸಾಧ್ಯವಾಗದು. ಆದರೂ ಪ್ರಯತ್ನಿಸಬಹುದು. ಪಟೇಲ, ಶಾನುಭೋಗರಂಥ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಆ ಮನೆತನಗಳ ಅಟ್ಟದ ಮೇಲೆ ಹಳೆಯ ಕಡತಗಳು ಉಳಿದಿರುವುದುಂಟು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆದ ಕಪ್ಪು ಪುಸ್ತಕಗಳಿವು. ಒದ್ದೆ ಕೈ ಸೋಕಿದರೆ ಬರಹ ಅಳಿಸಿಹೋಗುತ್ತದೆ. ಮೊದಲು ಚಿತ್ರ ತೆಗೆದುಕೊಂಡು, ಆಮೇಲೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಯ ತಿಳಿದವರಿಗೆ ತೋರಿಸುವುದು ಒಳ್ಳೆಯದು.

ಗುಂಡ್ಲುಪೇಟೆಯ ನೆಲ ಶಾಸನಗಳಿಗೂ ಬಡವಲ್ಲ. ಪಟ್ಟಕ್ಕೆ ಬರುವ ಮುನ್ನ ಚಿಕ್ಕದೇವರಾಜ ಒಡೆಯರು ಇದೇ ಸೀಮೆಯ ಹಂಗಳದಲ್ಲಿ ವಾಸವಾಗಿದ್ದರು. 1673ರಿಂದ 1704ರವರೆಗೆ ಆಳಿದ ಅವರು ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದರು. ದತ್ತಿ ಪಡೆದವರ ತಂದೆ, ತಾತ, ಗೋತ್ರ, ಸೂತ್ರಗಳನ್ನು ಇಂಥ ಕಾಲದ ದಾನಶಾಸನಗಳು ಹೇಳುತ್ತವೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 1898ರ ಸಂಪುಟದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಊರುವಾರಾಗಿ ಅಚ್ಚಾಗಿವೆ. ಮೈಸೂರು ವಿಶ್ವವಿದ್ಯಾನಿಲಯ ಅದರ ಪರಿಷ್ಕೃತ ಆವೃತ್ತಿಯನ್ನೂ ತಂದಿದೆ. ಊರಂಚಿನ ವೀರಗಲ್ಲು ಯಾವ ಮನೆತನದ್ದೆಂದು ಹೇಳುವುದು ಕಷ್ಟ. ಆದರೆ ತಾವು ದಿನವೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಷರವಿದೆಯೇ ಎಂದು ನೋಡುವ ಕಣ್ಣು ಮಕ್ಕಳಿಗೆ ಬಂದರೆ ಅದೇ ಲಾಭ.

ವಂಶಾವಳಿಯನ್ನೇ ಕಸುಬಾಗಿಸಿಕೊಂಡವರು ಕರ್ನಾಟಕದ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಒಕ್ಕಲುಮನೆಗಳಿಗೆ ಬಂದು, ಮನೆತನದ ಮೂಲ, ಹಿರಿಯರ ಹೆಸರು ಹಾಡಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಹೋಗುವವರು. ಉತ್ತರ ಕರ್ನಾಟಕದಲ್ಲಿ ಈ ಸಂಪ್ರದಾಯ ಹೆಚ್ಚು. ಹರಿದ್ವಾರದ ಪಂಡರ ವಹಿಗಳ ಹಾಗೆ ಇದೂ ನಡೆದಾಡುವ ಪತ್ರಾಗಾರ. ಅವರನ್ನು 'ಭಿಕ್ಷೆಯವರು' ಎಂದು ಬಾಗಿಲಿನಿಂದ ಕಳಿಸಿದ ಮನೆಗಳು ತಮ್ಮದೇ ಚರಿತ್ರೆಯನ್ನು ಕಳಿಸಿಕೊಟ್ಟಂತಾಯಿತು.

ಚೆಕ್‌ಪೋಸ್ಟಿನ ಆಚೆ

ಮದ್ದೂರಿನಿಂದ ಮುಂದೆ ಕಾಡು ದಾಟಿದರೆ ಮುತ್ತಂಗ, ಸುಲ್ತಾನ್ ಬತ್ತೇರಿ. ಕಾಡಂಚಿನ ಊರುಗಳಿಗೆ ಆ ಕಡೆಯೂ ನೆಂಟಸ್ತಿಕೆ. ಗಡಿಗೆರೆ ಬೀಳುವ ಮೊದಲೇ ಹೆಣ್ಣು ಕೊಟ್ಟು ತಂದ ಮನೆಗಳು ವಯನಾಡಿನಲ್ಲಿವೆ. 1956ರ ನವೆಂಬರ್ 1ಕ್ಕೆ ಮುಂಚೆ ವಯನಾಡು ಮದ್ರಾಸು ರಾಜ್ಯದ ಮಲಬಾರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಅಲ್ಲಿನ ಹಳೆಯ ಕಾಗದ ಹುಡುಕಬೇಕಾದದ್ದು ಮೈಸೂರಿನಲ್ಲಿ ಅಲ್ಲ. ಪೂರ್ವದ ಕೊಳ್ಳೇಗಾಲದ ಕಥೆಯೂ ಇದೇ. ಈಗ ಚಾಮರಾಜನಗರ ಜಿಲ್ಲೆಯಲ್ಲಿದ್ದರೂ 1956ರವರೆಗೆ ಅದು ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಬಂದ ಜಹಗೀರು. ಮೂರು ಹೆಜ್ಜೆಗೆ ಮೂರು ಸರ್ಕಾರ! ಹುಡುಕುವ ಮುನ್ನ 'ಆ ವರ್ಷ ಈ ಊರು ಯಾರ ಆಡಳಿತದಲ್ಲಿತ್ತು?' ಎಂದು ಕೇಳಿಕೊಳ್ಳುವುದು ಅರ್ಧ ಕೆಲಸ ಮುಗಿಸಿದಂತೆ.

ಕಾಗದವಿಲ್ಲದವರ ವಂಶ

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಾಡಿಗಳಲ್ಲಿ ಸೋಲಿಗರು, ಕುರುಬ ಬುಡಕಟ್ಟಿನವರು ಇದ್ದಾರೆ. ಬಂಡೀಪುರ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನದ ಭಾಗವಾಯಿತು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದ ಮನೆಗಳು ಅಂಚಿಗೆ ಬಂದವು. ಇವರ ಮುತ್ತಾತಂದಿರಿಗೆ ಪಹಣಿಯಿಲ್ಲ, ಎಂ.ಆರ್. ಇಲ್ಲ, ಕ್ರಯಪತ್ರವಿಲ್ಲ. ಇಲ್ಲಿಯವರೆಗೆ ಹೇಳಿದ ಕಚೇರಿಗಳೆಲ್ಲ ಇವರ ಮಟ್ಟಿಗೆ ಮುಚ್ಚಿದ ಬಾಗಿಲುಗಳೇ.

ಹಾಗೆಂದು ಇವರಿಗೆ ವಂಶದ ಅರಿವಿಲ್ಲವೆಂದಲ್ಲ. ಸೋಲಿಗರಲ್ಲಿ ಕುಲಗಳಿವೆ. ಒಂದೇ ಕುಲದೊಳಗೆ ಮದುವೆಯಿಲ್ಲ. ಅಂದಮೇಲೆ ಯಾರು ಯಾರ ಮಕ್ಕಳೆಂಬುದು ಎಲ್ಲರಿಗೂ ನೆನಪಿರಲೇಬೇಕು. 'ಎಲ್ಲೆ' ಎಂದು ಕರೆಯುವ ಕುಲದ ಸೀಮೆ, ಅದರೊಳಗೆ ದೇವರು, ಮಾರಮ್ಮ, ವೀರ, ಅಬ್ಬಿ, ಸತ್ತವರ ನೆನಪಿನ ಕಲ್ಲುಗುಡಿ ಇವೆಲ್ಲ ಅವರ ಮೋಜಣಿಯ ಗುರುತುಗಳು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಹಿರಿಯರೂ ಸಂಶೋಧಕರೂ ಕೂಡಿ ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ನಕ್ಷೆಗೆ ಇಳಿಸಿದರು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ಸಿಕ್ಕವು.

2006ರ ಅರಣ್ಯ ಹಕ್ಕು ಕಾಯ್ದೆಗೆ ಮಾಡಿದ ನಿಯಮಗಳಲ್ಲಿ 13ನೆಯದು ಮಕ್ಕಳೂ ಓದಬೇಕಾದ ನಿಯಮ. ಹಕ್ಕಿಗೆ ಏನೇನನ್ನು ಪುರಾವೆಯಾಗಿ ಒಪ್ಪಬಹುದೆಂಬ ಪಟ್ಟಿಯಲ್ಲಿ ಸರ್ಕಾರಿ ಕಾಗದಗಳ ಜೊತೆಗೆ ಹಳೆಯ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳಿವೆ. ಹಿಂದಿನ ದಾಖಲೆಯಲ್ಲಿ ಹೆಸರಿರುವವರಿಗೆ, ಇಲ್ಲವೇ ಆ ಊರಿನ ಹಿಂದಿನ ಕಾಲದ ನಿವಾಸಿಗಳೆಂದು ಎಲ್ಲರೂ ಒಪ್ಪಿದವರಿಗೆ ಕೂಡಿಸುವ ವಂಶಾವಳಿಯಿದೆ. ಹಿರಿಯರು ಹೇಳಿದ್ದನ್ನು ಬರೆದಿಟ್ಟ ಹೇಳಿಕೆಯೂ ಇದೆ. ಅಜ್ಜನ ಮಾತು ಬರಹಕ್ಕಿಳಿದರೆ ಕಾನೂನಿನ ಮುಂದೆ ಪುರಾವೆ. ಬರೆಯುವ ಮೊದಲೇ ಅಜ್ಜ ತೀರಿಕೊಂಡರೆ ಅದು ಬರೀ ಕಥೆ. ನಡುವಿನ ಅಂತರ ಒಂದು ನೋಟ್‌ಬುಕ್ಕಿನದು.

ಎಷ್ಟು ಹಿಂದಕ್ಕೆ?

ಒಂದು ತಲೆಮಾರಿಗೆ 25 ವರ್ಷವೆಂದು ಹಿಡಿದರೆ ಹತ್ತು ತಲೆಮಾರು ಹಿಂದೆ, ಅಂದರೆ ಹೈದರನ ಕಾಲಕ್ಕೆ, ಒಬ್ಬೊಬ್ಬರಿಗೂ 1,024 ಪೂರ್ವಿಕರು. ಇಪ್ಪತ್ತು ತಲೆಮಾರಿಗೆ ಹತ್ತು ಲಕ್ಷ ದಾಟುತ್ತದೆ. ಮೂವತ್ತಕ್ಕೆ, ಹೊಯ್ಸಳರ ಕಾಲಕ್ಕೆ, 107 ಕೋಟಿ! ಆಗ ಜಗತ್ತಿನ ಜನಸಂಖ್ಯೆಯೇ 50 ಕೋಟಿ ಮುಟ್ಟಿರಲಿಲ್ಲ. ಲೆಕ್ಕ ತಪ್ಪಿತೇ? ಇಲ್ಲ. ಒಬ್ಬರೇ ಪೂರ್ವಿಕರು ಮರದ ಹಲವು ಕೊಂಬೆಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ನಮ್ಮ ಸೀಮೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸೋದರತ್ತೆಯ ಮಗನನ್ನೋ ಸೋದರಮಾವನ ಮಗನನ್ನೋ ಮದುವೆಯಾದವರ ಮಕ್ಕಳಿಗೆ ಮುತ್ತಾತ ಮುತ್ತಜ್ಜಿಯರು ಎಂಟಲ್ಲ, ಆರೇ. ಹೀಗೆ ಹಿಂದೆ ಹಿಂದೆ ಹೋದಷ್ಟೂ ಬೇರೆ ಬೇರೆ ಮರಗಳ ಬೇರುಗಳು ಹೆಣೆದುಕೊಳ್ಳುತ್ತವೆ. 'ನಮ್ಮ ರಕ್ತವೇ ಬೇರೆ' ಎಂಬ ಜಂಬಕ್ಕೆ ಗಣಿತದಲ್ಲಿ ಜಾಗವಿಲ್ಲ.

ಜೀವಶಾಸ್ತ್ರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ತಂದೆಯಿಂದ ಗಂಡುಮಗನಿಗೆ ಮಾತ್ರ ಹೋಗುವುದು ವೈ ವರ್ಣತಂತು. ತಾಯಿಯಿಂದ ಗಂಡು ಹೆಣ್ಣು ಎರಡಕ್ಕೂ ಬರುವುದು ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಡಿಎನ್ಎ. ಕಚೇರಿಯ ಯಾವ ವಹಿಯೂ ಹೆಸರಿಸದ ಅಜ್ಜಿಯ ಅಜ್ಜಿಯ ಗುರುತು ಪ್ರತಿ ಮಗುವಿನ ಮೈಯ ಕಣಕಣದಲ್ಲೂ ಇದೆ. ಆದರೆ ಡಿಎನ್ಎ ಪರೀಕ್ಷೆ ಹೆಸರು ಹೇಳುವುದಿಲ್ಲ, ತವರಿನ ಊರು ಹೇಳುವುದಿಲ್ಲ, ಅವಳು ಯಾವ ಬರದಲ್ಲಿ ಯಾರನ್ನು ಎತ್ತಿಕೊಂಡು ಯಾವ ದಾರಿ ನಡೆದಳೆಂದು ಹೇಳುವುದಿಲ್ಲ. ಅದನ್ನು ಬಲ್ಲವರು ಇನ್ನೂ ಜಗಲಿಯ ಮೇಲೆ ಕುಳಿತಿರುವ ಹಿರಿಯರು.

ಪಹಣಿ ನಾಳೆಯೂ ಸಿಗುತ್ತದೆ. ಶಾಸನ ನೂರು ವರ್ಷ ಕಳೆದರೂ ಓದಲು ಸಿಗುತ್ತದೆ. ಎಂಬತ್ತು ದಾಟಿದ ಅಜ್ಜಿಯ ನೆನಪಿಗೆ ಮಾತ್ರ ನಕಲು ಪ್ರತಿಯಿಲ್ಲ. ಈ ಭಾನುವಾರ ಮಕ್ಕಳು ಹದಿನೈದು ಮನೆಗಳ ಪಟ್ಟಿಯನ್ನು ಹಿಡಿದು ಅವರ ಪಕ್ಕದಲ್ಲಿ ಕೂರಲಿ. ಅಪ್ಪ ಅಮ್ಮಂದಿರೂ ಜೊತೆಗಿರಲಿ. ಬೆಸ ಸಂಖ್ಯೆಗಳಿಂದಲೇ ಶುರುಮಾಡಲಿ.